ಸೀತನಿ ಊದಬಾರದು

ನನ್ನ ಮೇಲಿನ ದವಡೆಯಲ್ಲಿ, ಎಡಗೆನ್ನೆಯ ಒಳಗೆ, ನನ್ನದೇ ಸೊಂಟದ ಎಲುಬು ಇದೆ. ಹೀಗೆ ಹೇಳಿದರೆ ಎದುರು ಕುಳಿತವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಸೊಂಟ ನೋಡುತ್ತಾರೆ, ಕೈಯಲ್ಲಿನ ಚಹಾ ಆರುವುದನ್ನೂ ಮರೆತು "ಅದ್ಹ್ಯಾಂಗ್ರಿ?" ಎನ್ನುತ್ತಾರೆ. ನಾನು ಹೇಳಲು ಶುರು ಮಾಡಿದರೆ ಮಾತುಗಳು ಒಂದರ ಮೇಲೊಂದು ಬಿದ್ದು ಓಡುತ್ತವೆ. ಪಡಸಾಲೆಯಿಂದ ನಮ್ಮವರು "ಸಾವಕಾಶ ಹೇಳು, ಎಲುಬು ಎಲ್ಲಿ ಓಡಿ ಹೋಗಂಗಿಲ್ಲ" ಎಂದು ಕೂಗುತ್ತಾರೆ. ಅದಕ್ಕೇ ಈ ಸಲ ಬರೆಯುತ್ತಿದ್ದೇನೆ. ಬರೆಯುವಾಗ ಕೈ ನನ್ನನ್ನು ಸ್ವಲ್ಪ ತಡೆಯುತ್ತದೆ.

ಆ ಎಡಗಡೆಯ ಮೂರು ದವಡೆ ಹಲ್ಲುಗಳು ನನಗೆ ಮೂವತ್ತೈದು ತುಂಬುವುದರೊಳಗೆ ಹೋಗಿದ್ದವು. ಎರಡನೆಯ ಮಗಳ ಬಾಣಂತನದಲ್ಲಿ ಒಂದು ಅಲುಗಾಡಿತು, ಅದರ ಹಿಂದೆಯೇ ಇನ್ನೆರಡು ಹುಳುಕಾದವು. ಆಗ ಹಲ್ಲು ನೋವು ಎಂದರೆ ಅಫಜಲಪುರಕ್ಕೆ ಹೋಗಿ ಕೀಳಿಸಿಕೊಂಡು ಬರುವುದು ಎಂದೇ ಅರ್ಥ. ಮೂರು ಸಲ ಹೋದೆ, ಮೂರು ಸಲ ಬಾಯಲ್ಲಿ ಹತ್ತಿ ಕಚ್ಚಿಕೊಂಡು ನಮ್ಮೂರು ಅತನೂರಿಗೆ ಬಂದೆ. ಆಮೇಲೆ ತೆಗೆದು ಹಾಕುವ ಹಲ್ಲಿನ ಪಟ್ಟಿ ಮಾಡಿಸಿದೆವು. ಅದು ಮಾತಾಡುವಾಗ ಚೆನ್ನಾಗಿಯೇ ಇರುತ್ತಿತ್ತು, ಅನ್ನ ಉಣ್ಣುವಾಗಲೂ ತಂಟೆ ಮಾಡುತ್ತಿರಲಿಲ್ಲ. ಆದರೆ ನಮ್ಮದು ಅನ್ನದ ಸೀಮೆಯಲ್ಲವಲ್ಲ. ಆಳಂದದ ನನ್ನ ತವರಿನಲ್ಲಿ ಬಸುರಿಯೊಬ್ಬಳಿಗೆ ಕುಬಸದ ಊಟ. ಸಾಲಿನಲ್ಲಿ ಕೂತು ಕಡಕ್ ರೊಟ್ಟಿ ಮುರಿದು ಎಡಗಡೆ ಹಾಕಿ ಕಚ್ಚಿದೆ. ಪಟ್ಟಿ ಜಾರಿ, ಬಾಯಿಂದ ಹೊರಬಂದು, ಪುಂಡಿ ಪಲ್ಯದಲ್ಲಿ ಬಿತ್ತು. ಹಸಿರು ಪಲ್ಯದ ನಡುವೆ ಮೂರು ಬಿಳಿ ಹಲ್ಲು. ಪಕ್ಕದಲ್ಲಿ ಕೂತಿದ್ದ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, "ಎವ್ವಾ, ಪಲ್ಯ ನಗಾಕತ್ತದ ನೋಡ್ರೇ!" ಅಂದಳು. ಇಡೀ ಸಾಲು ನಕ್ಕಿತು. ನಾನೂ ನಕ್ಕೆ. ಅವತ್ತಿನಿಂದ ನಾಲ್ಕು ಜನರ ನಡುವೆ ರೊಟ್ಟಿ ಕಚ್ಚುವುದನ್ನು ಬಿಟ್ಟೆ.

ದಿನಕ್ಕೆ ಇಪ್ಪತ್ತು ರೊಟ್ಟಿ ಬಡಿಯುವವಳು ನಾನು. ನಾನು ಬಡಿದ ರೊಟ್ಟಿ ಮನೆಯವರೆಲ್ಲ ಕಟಕಟ ಎನ್ನಿಸಿ ತಿನ್ನುವಾಗ ನಾನು ಬೇಳೆ ಸಾರಿನಲ್ಲಿ ನೆನೆಸಿಕೊಂಡು ಉಣ್ಣುತ್ತಿದ್ದೆ. ಹೀಗೆ ಒಂಬತ್ತು ವರ್ಷ ನಡೆಯಿತು.

ತೊಂಬತ್ತರ ದಶಕ ಮುಗಿಯಲು ಬಂದಾಗ ನಮ್ಮವರು ತಮ್ಮದೊಂದು ಹಲ್ಲು ತೋರಿಸಲು ಗುಲಬರ್ಗಾಕ್ಕೆ ಹೋದರು. ಸಂಜೆ ಬಂದವರೇ ಚಪ್ಪಲಿ ಬಿಡುವ ಮೊದಲೇ ಹೇಳಿದರು: "ಏ, ಕೇಳಿಲ್ಲಿ. ಹಲ್ಲು ಎಲುಬಿನಾಗ ಸ್ಕ್ರೂ ಹಾಕಿ ಕೂಡಸ್ತಾರಂತ! ತಗಿಯಂಗಿಲ್ಲ, ತೊಳಿಯಂಗಿಲ್ಲ, ಬೀಳಂಗಿಲ್ಲ. ಹೊರಗ ಹೋಗಿ ಕಲ್ತು ಬಂದ ಡಾಕ್ಟರು, ನಮ್ಮ ಜೇವರ್ಗಿ ಕಡೆಯವನ."

"ಕಡಕ್ ರೊಟ್ಟಿ ತಿನ್ನಾಕ ಬರ್ತದಂತೇನು?" ನಾನು ಕೇಳಿದ್ದು ಅದೊಂದೇ.

"ಕೇಳೇ ಬಂದೇನಿ. ರೊಟ್ಟಿ, ಶೇಂಗಾ, ಸೀತನಿ, ಏನ ಬೇಕಾದ್ದು."

ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ನಾಲಿಗೆಯ ತುದಿ ಮತ್ತೆ ಮತ್ತೆ ಆ ಖಾಲಿ ಜಾಗಕ್ಕೆ ಹೋಗಿ ಬರುತ್ತಿತ್ತು.

ಡಾಕ್ಟರು ಮೂವತ್ತರ ಆಸುಪಾಸಿನವರು. ನನ್ನ ಮುಖದ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಅಕ್ಕಾರ, ಹಲ್ಲು ಕೂಡಸಾಕ ಎಲುಬು ಬೇಕು. ನಿಮಗ ಅಲ್ಲಿ ಎಲುಬ ಇಲ್ಲ" ಅಂದರು.

"ಎಲುಬಿಲ್ಲದ ಮಾರಿ ನಿಲ್ತದೇನ್ರಿ ಸಾಹೇಬ್ರ?" ನಮ್ಮವರು ಕೇಳಿದರು.

"ಅದ, ಆದ್ರ ಹಪ್ಪಳದಷ್ಟು ಅದ. ಹಲ್ಲು ಹೋದ ಜಾಗಾದಾಗ ಎಲುಬು ಕರಗ್ತದ. ಅದರ ಮ್ಯಾಲ, ಕೆನ್ನಿ ಒಳಗ, ಒಂದು ಖಾಲಿ ಕ್ವಾಣಿ ಇರ್ತದ, ಬರೇ ಗಾಳಿ. ಸೈನಸ್ ಅಂತಾರ. ಆ ಕ್ವಾಣಿ ನೆಲ ಏನದ, ಅದ ನಿಮ್ಮ ಹಲ್ಲಿನ ಮಾಳಗಿ. ಇಷ್ಟು ತೆಳ್ಳನ್ನ ಮಾಳಗಿಗೆ ಸ್ಕ್ರೂ ಹೊಡದ್ರ ಸೀದಾ ಮ್ಯಾಲಿನ ಕ್ವಾಣಿಗಿ ಹೋಗ್ತದ."

"ಮತ್ತೇನ ಮಾಡ್ತೀರಿ?" ಅಂದೆ.

"ಆ ಕ್ವಾಣಿ ನೆಲಕ್ಕ ಒಂದು ಪೊರಿ ಹಾಸಿರ್ತದ. ತತ್ತಿ ಒಳಗ..." ಎಂದವರು ನಮ್ಮಿಬ್ಬರ ಹಣೆಯ ವಿಭೂತಿ ನೋಡಿ ನಿಂತರು. "ಉಳ್ಳಾಗಡ್ಡಿ ಪದರಿನ ನಡುವ ಪೊರಿ ಇರ್ತದಲ್ರಿ, ಹಂಗ. ಕೆನ್ನಿ ಕಡೆಯಿಂದ ಸಣ್ಣ ಕಿಡಕಿ ಮಾಡಿ, ಆ ಪೊರಿ ಹರೀಲಾರದಂಗ ಮ್ಯಾಲೆತ್ತಿ, ಅದರ ಕೆಳಗ ಎಲುಬಿನ ಚೂರು ತುಂಬಬೇಕು. ಆರು ತಿಂಗಳ ಕಾಯಬೇಕು. ಅದು ಅಲ್ಲೇ ಹಿಡದು ಗಟ್ಟಿ ಆದ್ರ ಆಮ್ಯಾಲ ಸ್ಕ್ರೂ."

"ತುಂಬೋ ಎಲುಬು ಎಲ್ಲಿಂದ ಬರ್ತದ್ರಿ?"

"ಪರದೇಶದಿಂದ ಶೀಶೆದಾಗ ಬರ್ತದ. ಸುಟ್ಟು, ಸ್ವಚ್ಛ ಮಾಡಿದ ಪುಡಿ."

"ಯಾವುದರ ಎಲುಬ್ರಿ?"

ಡಾಕ್ಟರು ಕೈಯಲ್ಲಿನ ಪೆನ್ನು ನೋಡಿದರು. "ಆಕಳದ್ದು."

ನನ್ನ ಕೈ ತಾನಾಗಿ ಎದೆಯ ಮೇಲಿನ ಲಿಂಗದ ಕಾಯಿಗೆ ಹೋಯಿತು. ಅಷ್ಟು ದಿನ ಮನಸ್ಸಿನಲ್ಲಿ ಕಚ್ಚಿದ ರೊಟ್ಟಿಗಳೆಲ್ಲ ಒಮ್ಮೆಲೇ ಮೆತ್ತಗಾದವು. ಬೇಡ ಎಂದು ಹೇಳಲು ನನಗೆ ಹೊತ್ತು ಬೇಕಾಗಲಿಲ್ಲ. ಆದರೆ ಹೇಳಿದ ಮೇಲೆ ಕುರ್ಚಿಯಿಂದ ಏಳಲು ಹೊತ್ತು ಬೇಕಾಯಿತು.

"ಕೂಡ್ರಿ ಅಕ್ಕಾರ, ಎಲ್ಲಿ ಹೊಂಟ್ರಿ? ನಮ್ಮವ್ವಗ ಕೇಳಿದ್ರೂ ಇದ ಮಾತು ಅಂತಿದ್ಳು" ಎಂದು ಡಾಕ್ಟರು ನಕ್ಕರು. "ಇನ್ನೊಂದು ದಾರಿ ಅದ. ನಿಮ್ಮದ ಎಲುಬು. ನಡದ ಎಲುಬಿನಿಂದ ಇಷ್ಟು ತಗದು ಇಲ್ಲಿ ತುಂಬೋದು. ಹಿಡೀಲಾಕ ಅದರಂಥಾದ್ದು ಬ್ಯಾರೆ ಇಲ್ಲ. ಆದ್ರ ಒಂದು ಮಾತು ಮೊದಲ ಹೇಳ್ತೇನಿ. ಒಂದ ಸಲ. ಅದು ಹಿಡೀಲಿಲ್ಲಂದ್ರ ಮತ್ತೊಮ್ಮೆ ನಿಮ್ಮ ನಡಾ ಕೆತ್ತಾಕ ನಾ ಒಪ್ಪಂಗಿಲ್ಲ. ಆ ಹಳೀ ಪಟ್ಟಿನೇ ಗತಿ."

"ಒಂದ ಸಲ ಸಾಕ್ರಿ" ಅಂದೆ. ಎಷ್ಟು ಜೋರಾಗಿ ಅಂದೆನೆಂದರೆ ಹೊರಗೆ ಬೆಂಚಿನ ಮೇಲೆ ಕೂತಿದ್ದವರು ಪರದೆ ಸರಿಸಿ ನೋಡಿದರು.

ಮನೆಯಲ್ಲಿ ಅತ್ತೆಗೆ ಹೇಳಿದಾಗ ಅವರು ಎಲೆ ಅಡಿಕೆ ಕುಟ್ಟುತ್ತಿದ್ದರು. ಅವರ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಎಲೆ, ಅಡಿಕೆ, ಸುಣ್ಣ ಎಲ್ಲವನ್ನೂ ಸಣ್ಣ ಕುಟ್ಟಾಣಿಯಲ್ಲಿ ಕುಟ್ಟಿಯೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಕುಟ್ಟುವುದನ್ನು ನಿಲ್ಲಿಸಿ, "ನಡಾ ಕೆತ್ತಿ ಬಾಯಿಗಿ ಹಚ್ಚತಾರಂತ! ನಾಳಿ ಹಲ್ಲು ಬಂದು ನಡಾ ಹೋತಂದ್ರ ರೊಟ್ಟಿ ಯಾರ ಬಡೀಬೇಕಬೇ?" ಅಂದರು.

"ನೀವ ಬಡೀರಿ ಅತ್ತಿ."

"ನನಗ ಹಲ್ಲಿಲ್ಲ. ನಿನ್ನ ಹಲ್ಲಿಗಿ ನಾ ಯಾಕ ಬಡೀಲಿ?"

ಆದರೆ ಆಪರೇಷನ್ನಿಗೆ ಹೋಗುವ ದಿನ ಬಸ್ಸು ಹತ್ತುವ ಮೊದಲು ತಮ್ಮ ಕೈಕೋಲನ್ನು ತಂದು ನಮ್ಮವರ ಕೈಗೆ ಕೊಟ್ಟವರು ಅವರೇ. "ಬರೋವಾಗ ಬೇಕಾಗ್ತದ" ಅಂದರು.

ಅದು ಎಳ್ಳ ಅಮಾವಾಸ್ಯೆ ಕಳೆದ ವಾರ. ದವಾಖಾನೆಯಲ್ಲಿ ಮಲಗಿಸಿ, ಮೂಗಿಗೆ ಏನೋ ಹಿಡಿದು, ಒಂದರಿಂದ ಎಣಿಸಲು ಹೇಳಿದರು. ಆರು ಅಂದದ್ದು ನೆನಪಿದೆ. ಎಚ್ಚರಾದಾಗ ಕೆನ್ನೆ ಹೋಳಿಗೆಯ ಹಾಗೆ ಉಬ್ಬಿತ್ತು, ಆದರೆ ನೋವೆಲ್ಲ ಸೊಂಟದಲ್ಲಿತ್ತು. ಡಾಕ್ಟರು ಬಂದು, "ಪೊರಿ ಒಂಚೂರೂ ಹರೀಲಿಲ್ಲ ಅಕ್ಕಾರ! ಛಲೋ ಎದ್ದು ಬಂತು!" ಎಂದು ತಾವೇ ಪರೀಕ್ಷೆ ಪಾಸಾದವರ ಹಾಗೆ ಹಿಗ್ಗಿದರು. ಮೂರನೆಯ ದಿನ ಅತ್ತೆಯ ಕೋಲೂರಿಕೊಂಡು ಮನೆಗೆ ಬಂದೆ. ಮುಂದೆ ಹದಿನೈದು ದಿನ ಒಂದು ಕೋಲು, ಎರಡು ಹೆಂಗಸರು. ನಾನು ಬಚ್ಚಲಿಗೆ ಹೋಗಿ ಬರುವ ತನಕ ಅತ್ತೆ ಕಟ್ಟೆಯ ಮೇಲೆ ಕೂತು, "ಲಗೂ ಬಾರಬೇ, ನನಗೂ ಹೋಗೋದದ" ಎಂದು ಕೂಗುತ್ತಿದ್ದರು.

ಡಾಕ್ಟರು ಒಂದು ಹಾಳೆ ಕೊಟ್ಟಿದ್ದರು, ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದು. ಅದನ್ನೇ ಬಾಯಿಂದ ಕನ್ನಡದಲ್ಲಿ ಹೇಳಿ, ನಮ್ಮವರಿಂದ ಹಿಂಬದಿ ಬರೆಸಿದ್ದರು. ಆರು ವಾರ ಮೂಗು ಸೀದಬಾರದು. ಸೀನು ಬಂದರೆ ಬಾಯಿ ಪೂರಾ ತೆರೆದು ಸೀನಬೇಕು. ಒಲೆಯ ಮುಂದೆ ಊದುಗೊಳವೆ ಹಿಡಿಯಬಾರದು. ಕೊಳವೆ ಹಾಕಿ ಏನನ್ನೂ ಹೀರಬಾರದು. ಬಲೂನು ಊದಬಾರದು. ಎಡಗಡೆ ಅಗಿಯಬಾರದು. ತಲೆ ಎತ್ತರಕ್ಕೆ ಇಟ್ಟು ಮಲಗಬೇಕು. ಬಾಯೊಳಗಿನ ಒತ್ತಡ ಮೂಗಿಗೆ ಹೋದರೆ, ಮೂಗಿನಿಂದ ಆ ಖಾಲಿ ಕೋಣೆಗೆ ಹೋಗುತ್ತದೆ, ಅಲ್ಲಿ ಪೊರೆ ಹರಿದರೆ ಒಳಗಿನ ಚೂರುಗಳು ಅಲುಗಾಡುತ್ತವೆ. ನನಗೆ ಇದು ಬಲು ಸಲೀಸಾಗಿ ಅರ್ಥವಾಯಿತು. ಹಾಲಿಗೆ ಹೆಪ್ಪು ಹಾಕಿ ಗಡಿಗೆಯನ್ನು ಮೂಲೆಯಲ್ಲಿಟ್ಟ ಮೇಲೆ ಯಾರಾದರೂ ಅದನ್ನು ಅಲುಗಾಡಿಸುತ್ತಾರೆಯೇ? ನನ್ನ ಕೆನ್ನೆಯೊಳಗೆ ಎಲುಬು ಹೆಪ್ಪುಗಟ್ಟುತ್ತಿತ್ತು. ಅಲ್ಲಿಗೆ ಹೊಸ ರಕ್ತ ಹೋಗಬೇಕು, ಹಳೆಯ ಚೂರುಗಳನ್ನು ದೇಹ ತಾನೇ ಸವೆಸಿ ಅದೇ ಜಾಗದಲ್ಲಿ ಹೊಸ ಎಲುಬು ಕಟ್ಟಬೇಕು ಎಂದು ಡಾಕ್ಟರು ಹೇಳಿದ್ದರು. ನಾನು ಜೋಳದ ಹಿಟ್ಟು ನಾದುವಾಗ, ಬಟ್ಟೆ ಮಡಚುವಾಗ, ನಿದ್ದೆಯಲ್ಲಿರುವಾಗಲೂ ಒಳಗೆ ಗೋಡೆ ಕಟ್ಟುವ ಒಬ್ಬ ಗೌಂಡಿ ಕೆಲಸ ಮಾಡುತ್ತಿದ್ದಾನೆ ಎಂದುಕೊಂಡರೆ ಎಂಥ ಖುಷಿ ಎನ್ನುತ್ತೀರಿ!

ಬಾಯಿ ತೆರೆದು ಸೀನುವುದು ನೋಡಲು ಚೆಂದವಲ್ಲ. ನನ್ನ ಮೊದಲ ಸೀನಿಗೆ ಹಟ್ಟಿಯಲ್ಲಿದ್ದ ಎಮ್ಮೆ ತಿರುಗಿ ನೋಡಿತು. ಅವತ್ತಿನಿಂದ ಮನೆಯಲ್ಲಿ ಒಗ್ಗರಣೆಗೆ ಒಣಮೆಣಸಿನಕಾಯಿ ಬಂದ್. ಪಕ್ಕದ ಮನೆಯವರು ಅಂಗಳದಲ್ಲಿ ಖಾರ ಕುಟ್ಟಲು ಒರಳು ತೊಳೆದಿಟ್ಟರೆ, ಅತ್ತೆ ಗೋಡೆಯ ಮೇಲಿಂದ, "ಯವ್ವಾ, ಇನ್ನೊಂದು ತಿಂಗಳು ಖಾರ ಕುಟ್ಟಬ್ಯಾಡ್ರೇ, ನಮ್ಮ ಸೊಸಿ ಎಲುಬು ಹಾರಿ ಹೋಗ್ತದ" ಎಂದು ಕೂಗಿ, ಇಡೀ ಓಣಿಗೆ ಸುದ್ದಿ ಮುಟ್ಟಿಸಿದರು. ಬೆಳಿಗ್ಗೆ ಪೂಜೆ ಮುಗಿಸಿ ಬಂದು ಅಂಗೈಯನ್ನು ನನ್ನ ಎಡಗೆನ್ನೆಯ ಮೇಲಿಡುವುದು ಅವರ ರೂಢಿಯಾಯಿತು. ಬಸುರಿಯ ಹೊಟ್ಟೆ ಮುಟ್ಟಿ ನೋಡುವ ಹಾಗೆ ಕಣ್ಣು ಮುಚ್ಚಿ, "ಇನ್ನಾ ಏನಿಲ್ಲ" ಅನ್ನುತ್ತಿದ್ದರು. ನಾನು ಗೋಡೆಯ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಸಣ್ಣಗೆ ಬರೆಯುತ್ತಿದ್ದೆ: ಬಾವು ಇಳಿದಿದೆ. ಹೊಲಿಗೆ ಬಿಚ್ಚಿದರು. ಕೋಲು ಬಿಟ್ಟೆ. ಸೀನು ಎರಡು.

ಆಪರೇಷನ್ ಆದ ಇಪ್ಪತ್ತಮೂರನೆಯ ದಿನದ ಮನೆಯಲ್ಲಿ ಒಂದೇ ಶಬ್ದವಿದೆ: ಸೀತನಿ.

ಹೊರಗಿನವರಿಗೆ ಹೇಳಬೇಕು. ಬಿಳಿಜೋಳದ ತೆನೆ ಹಾಲುಗಾಳಿನಿಂದ ಗಟ್ಟಿಯಾಗುವ ಮೊದಲು ಎಂಟು ಹತ್ತು ದಿನ ಇರುತ್ತದೆ. ಕಾಳು ಹಸಿರು, ಒಳಗೆ ಸಿಹಿ. ಆಗ ಹೊಲದಲ್ಲೇ ಕುಳ್ಳಿನ, ಅಂದರೆ ಬೆರಣಿಯ, ಕೆಂಡ ಮಾಡಿ, ತೆನೆಗಳನ್ನು ಅದರಲ್ಲಿ ಸುಟ್ಟು, ಬಿಸಿಬಿಸಿ ತೆನೆಯನ್ನು ಎರಡೂ ಅಂಗೈ ನಡುವೆ ತಿಕ್ಕಿ, ಸಿಪ್ಪೆ ಊದಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಬೆಲ್ಲದ ಜೊತೆ ಬಾಯಿಗೆ ಹಾಕಿಕೊಳ್ಳುವುದು. ಅದೇ ಸೀತನಿ. ಆ ದಿನಗಳಲ್ಲಿ ಹೊಲದವರು ಯಾರೂ ಮನೆಯಲ್ಲಿ ಕೂಡುವುದಿಲ್ಲ.

ನಾನು ತಿನ್ನುವ ಆಸೆಯಿಂದ ಹೋಗಿರಲಿಲ್ಲ. ಬಂಡಿಯಲ್ಲಿ ಕೌದಿ ಹಾಸಿ ನಮ್ಮವರು ನನ್ನನ್ನೂ ಅತ್ತೆಯನ್ನೂ ಕೂರಿಸಿಕೊಂಡು ಹೋದರು. ಹೊಗೆ ಬಾರದ ಕಡೆ ನೋಡಿ ನನ್ನನ್ನು ಕೂರಿಸಿದರು. ತೆನೆ ಸುಟ್ಟ ವಾಸನೆ ಎದ್ದಿತು. ಅತ್ತೆ ಕುಟ್ಟಾಣಿ ತೆಗೆದು, ಎಲೆ ಅಡಿಕೆಯ ವಾಸನೆ ಹೋಗಲೆಂದು ಸೆರಗಿನಿಂದ ಒರೆಸಿ, "ನನಗೊಂದು ಬೊಗಸಿ ಮಾಡಿ ಕೊಡಬೇ" ಎಂದರು. ಹಲ್ಲಿಲ್ಲದ ಅವರು ಸೀತನಿಯನ್ನೂ ಕುಟ್ಟಿಯೇ ತಿನ್ನುವವರು. ನಾನು ಒಂದು ತೆನೆ ತೆಗೆದುಕೊಂಡೆ. ಕೈ ಸುಡುತ್ತಿತ್ತು. ತಿಕ್ಕಿದೆ. ಅಂಗೈ ತುಂಬ ಹಸಿರು ಕಾಳು, ಮೇಲೆ ಕಪ್ಪು ಸಿಪ್ಪೆ. ಐದು ವರ್ಷದವಳಿದ್ದಾಗಿನಿಂದ ಕೈಗೆ ಗೊತ್ತಿರುವ ಕೆಲಸ; ಕೈ ಬಾಯಿಯ ಹತ್ತಿರ ಬಂತು, ಕೆನ್ನೆ ಉಬ್ಬಿತು, ಫೂ ಎಂದು ಊದಿದೆ. ಸಿಪ್ಪೆ ಹಾರಿತು. ಅತ್ತೆಯ ಕುಟ್ಟಾಣಿಗೆ ಸುರಿದೆ. ಎರಡನೆಯ ತೆನೆ ತಿಕ್ಕಿ ಇನ್ನೂ ಜೋರಾಗಿ ಊದಿದೆ.

ಕೆನ್ನೆಯೊಳಗೆ ಟಕ್ ಎಂದಿತು.

ನೋವಾಗಲಿಲ್ಲ. ಎಡ ಮೂಗಿನಲ್ಲಿ ಬೆಚ್ಚಗೆ ಏನೋ ಇಳಿಯಿತು. ಮುಟ್ಟಿ ನೋಡಿದರೆ ರಕ್ತ. ಅಂಗೈಯಲ್ಲಿ ಉಳಿದಿದ್ದ ಹಸಿರು ಕಾಳಿನ ಮೇಲೆ ಎರಡು ಕೆಂಪು ಹನಿ ಬಿದ್ದವು. "ಏನ್ರೀ!" ಎಂದು ಕೂಗಿದೆ. ನಮ್ಮವರು ಓಡಿ ಬಂದು ತಮ್ಮ ದಸ್ತಿ ಮೂಗಿಗೆ ಹಿಡಿದರು. ರಕ್ತ ನಿಂತ ಮೇಲೆ ಆ ದಸ್ತಿ ಬಿಡಿಸಿದರೆ, ಕೆಂಪಿನ ನಡುವೆ ಒಂದು ಬಿಳಿ ಚೂರು. ಸಾಸಿವೆಗಿಂತ ತುಸು ದೊಡ್ಡದು.

"ಜೋಳದ ನುಚ್ಚು ಅದು" ನಮ್ಮವರು ಅಂದರು.

"ಹಸೀ ಕಾಳು ಬೆಳ್ಳಗ ಇರ್ತದೇನ್ರಿ?"

"ಕಡದ ನೋಡಿದ್ರ ಗೊತ್ತಾಗ್ತದ."

"ಯಾರ ಹಲ್ಲಾಗೋ ಮಗನ?" ಎಂದು ಅತ್ತೆ ಕೇಳಿದರು. ಯಾರೂ ನಗಲಿಲ್ಲ. ಅತ್ತೆ ತಮ್ಮ ಎಲೆ ಅಡಿಕೆ ಸಂಚಿಯ ಒಂದು ಖಾನೆ ಖಾಲಿ ಮಾಡಿ, ಆ ಚೂರನ್ನು ಅದರಲ್ಲಿಟ್ಟು ದಾರ ಎಳೆದರು. ಅವರ ಕುಟ್ಟಾಣಿಯಲ್ಲಿ ನಾನು ಊದಿ ಕೊಟ್ಟ ಸೀತನಿ ಹಾಗೇ ಇತ್ತು. ಅದನ್ನು ಅವರು ತಿನ್ನಲಿಲ್ಲ, ನೆಲಕ್ಕೂ ಚೆಲ್ಲಲಿಲ್ಲ. ಮನೆಯ ತನಕ ಮಡಿಲಲ್ಲಿ ಹಿಡಿದುಕೊಂಡು ಬಂದರು.

ಮರುದಿನ ಮೊದಲ ಬಸ್ಸಿಗೆ ಗುಲಬರ್ಗಾ. ಡಾಕ್ಟರು ಸಂಚಿಯಿಂದ ಆ ಚೂರನ್ನು ಚಿಮಟದಲ್ಲಿ ಎತ್ತಿ, ಗಾಜಿನ ಮೇಲಿಟ್ಟು, ನೀರು ಬಿಟ್ಟು, ಒತ್ತಿ ನೋಡಿದರು.

"ಎಲುಬ" ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ಊದುಗೊಳವಿ ಹಿಡದ್ರೇನು?"

"ಇಲ್ರಿ."

"ಮೂಗು ಸೀದಿದ್ರೇನು?"

"ಇಲ್ರಿ."

"ಬಾಯಿ ಮುಚ್ಚಿ ಸೀನಿದ್ರೇನು? ಬಲೂನು?"

"ನಾ ಏನ ಸಣ್ಣ ಹುಡುಗೇನ್ರಿ, ಬಲೂನು ಊದಾಕ? ನೀವು ಬರಿಸಿದ ಹಾಳಿ ಬಾಯಿಪಾಠ ಆಗೇದ ನನಗ. ಅದರಾಗಿಂದು ಒಂದೂ ತಪ್ಪಿಲ್ಲ."

"ಮತ್ತ ನಿನ್ನಿ ಏನ ಮಾಡ್ತಿದ್ರಿ?"

"ಏನಿಲ್ರಿ. ಹೊಲದಾಗ ಸುಮ್ಕ ಕುಂತು ಅತ್ತಿಗಿ ಸೀತನಿ ತಿಕ್ಕಿ ಕೊಡಾಕತ್ತಿದ್ದೆ."

ಡಾಕ್ಟರು ಚಿಮಟ ಕೆಳಗಿಟ್ಟರು. "ತಿಕ್ಕಿದ್ರಿ. ತಿಕ್ಕಿ?"

ಆಗ ನನಗೆ ಹೊಳೆಯಿತು. ಅಂಗೈಯನ್ನು ಬಾಯಿಯ ಹತ್ತಿರ ಎತ್ತಿ ತೋರಿಸಿದೆ.

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ತಮ್ಮ ಹಣೆಯನ್ನೇ ಬಡಿದುಕೊಂಡರು. "ನಾನೂ ಜೇವರ್ಗಿ ಮಣ್ಣಾಗ ಹುಟ್ಟಿದವ. ಸೀತನಿ ದಿನದಾಗ ಆಪರೇಷನ್ ಮಾಡೇನಿ. ಬಲೂನು ನೆನಪಾತು ನನಗ, ಸೀತನಿ ನೆನಪಾಗಲಿಲ್ಲ! ನಮ್ಮ ಕಡೆ ಬಲೂನು ಯಾರ ಊದತಾರ್ರಿ?" ಎಂದು ಹಾಳೆಗಳ ಕಟ್ಟನ್ನು ಎಳೆದುಕೊಂಡು, ಮೊದಲ ಹಾಳೆಯ ಕೆಳಗೆ, ಇಂಗ್ಲಿಷ್ ಸಾಲುಗಳ ಅಡಿಯಲ್ಲಿ, ಕನ್ನಡದಲ್ಲಿ ದೊಡ್ಡದಾಗಿ ಬರೆದರು: ಸೀತನಿ ಊದಬಾರದು.

ಅದೇ ಹೊತ್ತಿಗೆ ನಮ್ಮವರು ಕೈಚೀಲ ಬಿಚ್ಚಿ ಒಂದು ಬಟ್ಟೆಯ ಗಂಟನ್ನು ಮೇಜಿನ ಮೇಲಿಟ್ಟರು. ನಾನು ಬಸ್ಸಿನುದ್ದಕ್ಕೂ ಮೂಗು ಹಿಡಿದು ಕೂತಿದ್ದೆ, ಅವರು ಮಡಿಲಲ್ಲಿ ಅದನ್ನು ಹಿಡಿದು ಕೂತಿದ್ದರು. "ನಿಮಗಂತ ತಂದೇನ್ರಿ ಸಾಹೇಬ್ರ. ನಿನ್ನೀದು." ಸುಟ್ಟ ತೆನೆಗಳು! ಡಾಕ್ಟರು ಒಂದು ಕ್ಷಣ ನೋಡಿ, ಒಂದು ತೆನೆ ತೆಗೆದು ತಿಕ್ಕಿ, ನನ್ನ ಕಡೆಯಿಂದ ಮುಖ ಆಚೆ ತಿರುಗಿಸಿ, ಕಿಟಕಿಯ ಹೊರಗೆ ಫೂ ಎಂದು ಊದಿದರು. ಅಗಿಯುತ್ತಲೇ ಹೇಳಿದರು: "ಪೊರಿ ಹರದದ. ಸಣ್ಣದಿದ್ರ ತಾನ ಕೂಡಿಕೊಳ್ತದ, ಒಳಗಿನ ಎಲುಬು ಉಳೀತದ. ಕೂಡಲಿಲ್ಲಂದ್ರ ಕೀವು ಆಗಿ ಅಷ್ಟೂ ಹೋಗ್ತದ. ಮೂಗಿನಾಗ, ಬಾಯಾಗ ಹೊಲಸ ವಾಸನಿ ಬಂತಂದ್ರ ಅವತ್ತ ಓಡಿ ಬರಬೇಕು. ಬರಲಿಲ್ಲಂದ್ರ ಜೂನ್ ತಿಂಗಳ ಮಿರಗದ ಮಳಿ ತನಕ ಕಾಯಬೇಕು. ಈಗ ಫೋಟೋ ತಗದ್ರ ಏನೂ ತಿಳಿಯಂಗಿಲ್ಲ."

ಗುಳಿಗೆ ಬರೆದುಕೊಟ್ಟರು. ಮನೆಗೆ ಬಂದು ಕ್ಯಾಲೆಂಡರಿನಲ್ಲಿ ಬರೆಯಲು ಪೆನ್ಸಿಲ್ ಹಿಡಿದವಳು ಬರೆಯದೆ ಇಟ್ಟೆ. ನಾಲ್ಕೂವರೆ ತಿಂಗಳು. ಆಕಳದ್ದು ಬೇಡ ಎಂದು ಹಟ ಹಿಡಿದವಳು ನಾನು, ಒಂದೇ ಸಲ ಸಾಕು ಎಂದು ಕೂಗಿದವಳು ನಾನು, ಆ ಒಂದನ್ನು ಎರಡು ಬೊಗಸೆಗೆ ಊದಿದವಳೂ ನಾನೇ.

ಅತ್ತೆಯ ಬೆಳಗಿನ ರೂಢಿಗೆ ಇನ್ನೊಂದು ಸೇರಿತು. ಕೆನ್ನೆ ಮುಟ್ಟಿದ ಮೇಲೆ, "ಹಾ ಅನ್ನು" ಎನ್ನುತ್ತಿದ್ದರು. ನಾನು ಬಾಯಿ ತೆರೆದು ಹಾ ಎಂದರೆ ಮೂಗು ತಂದು ವಾಸನೆ ನೋಡುತ್ತಿದ್ದರು.

"ಏನ ವಾಸನಿ ಅತ್ತಿ?"

"ಉಳ್ಳಾಗಡ್ಡಿ."

ಮರುದಿನ, "ಬಳ್ಳೊಳ್ಳಿ." ಅದರ ಮರುದಿನ, "ಕದ್ದು ಬೆಲ್ಲ ತಿಂದಿ." ನಾನು ಅದನ್ನೇ ಕ್ಯಾಲೆಂಡರಿನಲ್ಲಿ ಬರೆಯತೊಡಗಿದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬೆಲ್ಲ, ಮತ್ತೆ ಉಳ್ಳಾಗಡ್ಡಿ. ಫೆಬ್ರುವರಿಯ ಹಾಳೆ ತಿರುವಿದೆ. ಜೋಳದ ರಾಶಿಯಾಯಿತು. ಮಾರ್ಚಿನ ಹಾಳೆ ತಿರುವಿದೆ. ಹೊಲಸು ವಾಸನೆ ಬಂದಿರಲಿಲ್ಲ! ಒಂದೊಂದು ದಿನ ಕಳೆದ ಹಾಗೆ ನನ್ನ ಎದೆಯಲ್ಲಿ ಏನೋ ಮೇಲೇರುತ್ತಿತ್ತು. ಏರಲಿ ಎಂದು ಬಿಡಲು ಹೆದರಿಕೆ, ಬೇಡವೆಂದು ತಡೆಯಲೂ ಆಗದು. ಬೇಸಿಗೆಯಲ್ಲಿ ಶೆಕೆಗೆ ಮಾಳಿಗೆಯ ಮೇಲೆ ಮಲಗುವಾಗ ಬೆರಳಿನಿಂದ ಒಸಡನ್ನು ಒತ್ತಿ ನೋಡುತ್ತಿದ್ದೆ. ಮೆತ್ತಗೇ ಇದೆಯಾ, ಗಟ್ಟಿಯಾಗಿದೆಯಾ? ಪಕ್ಕದಿಂದ ನಮ್ಮವರು, "ಗಡಿಗಿ ಅಲುಗಾಡಿಸಬ್ಯಾಡ ಅಂತ ನೀನ ಹೇಳಿದ್ದಿ" ಎಂದು ನನ್ನ ಕೈ ಹಿಡಿದು ಕೆಳಗಿಡುತ್ತಿದ್ದರು.

ಜೂನ್. ಮಿರಗದ ಮೊದಲ ಮಳೆ ಬಿದ್ದ ಮೂರನೆಯ ದಿನ ಹೋದೆವು. ಈ ಸಲ ಅತ್ತೆಯೂ ಹಟ ಮಾಡಿ ಬಂದರು. "ಆರು ತಿಂಗಳ ಕೆನ್ನಿ ಮುಟ್ಟೇನಿ, ಹುಟ್ಟೋವಾಗ ನಾ ಇರಬ್ಯಾಡೇನು?" ಎಂದು ಎಲ್ಲರಿಗಿಂತ ಮೊದಲು ಬಸ್ಸು ಹತ್ತಿದರು.

ಡಾಕ್ಟರು ಎರಡು ಎಕ್ಸ್‌ರೇಗಳನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ಹಳೆಯದರಲ್ಲಿ ಎಡಗಡೆ ಕರಿ ಕತ್ತಲು, ಅದರ ಕೆಳಗೆ ಗೆರೆಯಷ್ಟು ಬಿಳುಪು. ಹೊಸದರಲ್ಲಿ ಆ ಕತ್ತಲಿನ ಅಡಿಯಿಂದ ಬೂದು ಬಣ್ಣದ ದಿಬ್ಬವೊಂದು ಮೇಲೆದ್ದಿತ್ತು, ಹೊರಗೆ ಆಕಾಶದಲ್ಲಿ ಕಟ್ಟಿದ್ದ ಮೋಡದ ಹಾಗೆಯೇ. ಒಂದು ಮೂಲೆಯಲ್ಲಿ ಮಾತ್ರ ಸಣ್ಣ ತಗ್ಗು.

"ಆ ತಗ್ಗು ನೋಡ್ರಿ" ಎಂದರು ಡಾಕ್ಟರು. "ಅದ ನಿಮ್ಮ ಸೀತನಿ."

"ಉಳದದ್ದು?" ನಾನು ಕೇಳಿದೆ.

"ಉಳದದ್ದು ಕುಂತಂಗ ಕಾಣ್ತದ. ಆದ್ರ ಫೋಟೋ ಪೂರಾ ಖರೆ ಹೇಳಂಗಿಲ್ಲ. ಡ್ರಿಲ್ಲು ಹೇಳ್ತದ. ಒಳಗ ಮೆತ್ತಗ ಇದ್ರ ಗೊತ್ತಾಗ್ಬಿಡ್ತದ. ಇವತ್ತ ನೋಡೇಬಿಡೂಣು?"

ಒಸಡಿಗೆ ಸೂಜಿ ಹಾಕಿದರು. ಕೆನ್ನೆ ಸತ್ತ ಹಾಗಾಯಿತು. ಯಂತ್ರ ಶುರುವಾಯಿತು. ನೋವಿಲ್ಲ, ಆದರೆ ಇಡೀ ತಲೆಬುರುಡೆಯೊಳಗೆ ಶಬ್ದ. ಮೊದಲು ಸಲೀಸಾಗಿ ಗುಂಯ್ ಎನ್ನುತ್ತಿದ್ದದ್ದು ಒಮ್ಮೆಲೇ ದನಿ ಬದಲಿಸಿತು, ತಡೆದು ತಡೆದು ಒರಟಾಯಿತು. ಡಾಕ್ಟರ ಕೈ ನಿಂತಿತು. ನಾನು ಕುರ್ಚಿಯ ತೋಳುಗಳನ್ನು ಹಿಡಿದುಕೊಂಡೆ. ಅವರು ಮುಖದ ಬಟ್ಟೆಯ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು, ಕಣ್ಣು ಮಾತ್ರ ಕಾಣುತ್ತಿತ್ತು, ಆ ಕಣ್ಣು ನಗುತ್ತಿತ್ತು.

"ಅಕ್ಕಾರ, ಇದೇನ ಎಲುಬೋ ಶಹಾಬಾದ ಪರಸಿ ಕಲ್ಲೋ? ಡ್ರಿಲ್ಲು ಒಳಗ ಹೋಗವಲ್ದು!"

ಬಾಯಿ ತೆರೆದೇ ಇತ್ತು, ನಾಲಿಗೆ ಮರಗಟ್ಟಿತ್ತು. ಆಂ ಆಂ ಎಂದೆ. ಕಣ್ಣಿನಿಂದ ನೀರು ಇಳಿದು ಕಿವಿಗೆ ಹೋಯಿತು. ಬಾಗಿಲ ಹೊರಗಿನಿಂದ ಅತ್ತೆ, "ಏನಾತು? ಯಾಕ ಒದರಾಕತ್ತಾಳ?" ಎಂದು ಕೋಲು ಬಡಿದರು.

"ಗಟ್ಟಿ ಆಗೇದ ಯವ್ವಾ!" ಡಾಕ್ಟರು ಒಳಗಿನಿಂದಲೇ ಕೂಗಿ ಹೇಳಿದರು.

ಅವತ್ತು ಎರಡು ಸ್ಕ್ರೂ ಕೂಡಿಸಿದರು. ಆ ತಗ್ಗಿನ ಮೂಲೆಯನ್ನು ಬಿಟ್ಟರು. ಅಲ್ಲಿ ಮೂರನೆಯ ಹಲ್ಲು ಇಂದಿಗೂ ಇಲ್ಲ. ಸ್ಕ್ರೂಗಳನ್ನು ಎಲುಬು ಹಿಡಿದುಕೊಳ್ಳಲು ಮತ್ತೆ ಆರು ತಿಂಗಳು. ಆ ಆರು ತಿಂಗಳನ್ನು ನಾನು ಆಟವಾಡಿಕೊಂಡು ಕಳೆದೆ ಎನ್ನಬೇಕು. ಚಳಿ ಶುರುವಾದಾಗ ಹಲ್ಲು ಬಂದವು. ಮೊದಲ ದಿನ ಬಾಳೆಹಣ್ಣು, ವಾರ ಬಿಟ್ಟು ಬಿಸಿ ರೊಟ್ಟಿ, ಆಮೇಲೆ ಕಡಕ್ ರೊಟ್ಟಿ ಎಂದು ಡಾಕ್ಟರು ಕ್ರಮ ಹಾಕಿಕೊಟ್ಟಿದ್ದರು. ನಾನು ಕಡಕ್ ರೊಟ್ಟಿಯ ದಿನವನ್ನು ಬೇಕೆಂದೇ ಮುಂದೆ ಹಾಕಿದೆ. ಎಡಗಡೆಯಿಂದ ಮೊದಲು ಏನು ಅಗಿಯಬೇಕು ಎಂಬುದು ನಾನು ಹಿಂದಿನ ಜನವರಿಯಲ್ಲೇ ನಿಶ್ಚಯ ಮಾಡಿದ್ದೆ.

ಮತ್ತೆ ಅದೇ ಹೊಲ, ಅದೇ ಕೌದಿ, ಕುಳ್ಳಿನ ಕೆಂಡ. ತೆನೆ ತಿಕ್ಕಿ ಅಂಗೈ ತುಂಬಿಕೊಂಡೆ. ಊದಲು ಈಗ ಅಡ್ಡಿಯಿಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೂ ಕೈ ಬಾಯಿಯ ಹತ್ತಿರ ಬಂದು ನಿಂತಿತು. ಅತ್ತೆ ನೋಡಿದರು. ನನ್ನ ಕೈಯನ್ನು ಎಳೆದುಕೊಂಡು, ಹಲ್ಲಿಲ್ಲದ ಬಾಯಿಂದ ಊದಿದರು. ಸಿಪ್ಪೆ ಅರ್ಧ ಹಾರಿತು, ಅರ್ಧ ಅವರ ಉಗುಳಿಗೆ ಅಂಟಿಕೊಂಡಿತು.

"ಹಿಂಗ ಊದಿದ್ರ ನಾ ಹ್ಯಾಂಗ ತಿನ್ನಲಿ ಅತ್ತಿ?"

"ತಿನ್ನಬೇ ಸುಮ್ಕ. ಎಡಕ ಹಾಕು."

ಎಡಕ್ಕೆ ಹಾಕಿದೆ. ಅವರ ಅಂಗೈ ನನ್ನ ಕೆನ್ನೆಯ ಮೇಲೆ ಬಂತು. ಅಗಿದೆ. ಹಸಿಗಾಳು ಒಡೆದು ಸಿಹಿ ಹಾಲು ನಾಲಿಗೆಗೆ ಬಂತು, ಒಡೆದ ಸಪ್ಪಳ ಹತ್ತು ವರ್ಷಗಳ ಮೇಲೆ ನನ್ನ ಎಡಗಿವಿಗೆ ಕೇಳಿತು. ಅತ್ತೆ ಕಣ್ಣು ಮುಚ್ಚಿದ್ದರು. ಕೆನ್ನೆಯ ಕೆಳಗೆ ದವಡೆ ಏಳುವುದು, ಬೀಳುವುದು ಅವರ ಕೈಗೆ ತಿಳಿಯುತ್ತಿತ್ತು.

"ಬಂತು" ಅಂದರು. ಕೈ ತೆಗೆಯಲಿಲ್ಲ. "ಇನ್ನೊಂದು ಬೊಗಸಿ ಹಾಕು."